ತಾಮ್ರದ ಲೋಟದ ನೀರು ಮೊದಲು ಆರಲಿಲ್ಲವೇಕೆ?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿಯಲ್ಲಿ ಓದುತ್ತಿದ್ದಾಳೆ. ನಾವಿರುವುದು ಹಾಸನದಲ್ಲಿ. ತಾಮ್ರದ ಲೋಟ, ಸ್ಟೀಲ್ ಲೋಟ ಮತ್ತು ಮಣ್ಣಿನ ಕುಡಿಕೆಗೆ ತಲಾ 200 ಮಿಲಿಲೀಟರ್ ಕುದಿನೀರು ಹಾಕಿ, ಯಾವುದರಲ್ಲಿ ನೀರು ಬೇಗ ತಣಿಯುತ್ತದೆ ಎಂದು ಹತ್ತು ನಿಮಿಷಕ್ಕೊಮ್ಮೆ ಅಳೆದಳು. ತಾಮ್ರ ಉತ್ತಮ ಉಷ್ಣವಾಹಕವಾದ್ದರಿಂದ ಅದೇ ಮೊದಲು ತಣಿಯಬೇಕೆಂದು ನಾವು ಎಣಿಸಿದ್ದೆವು. ಮೊದಲ ದಿನ ಕುಡಿಕೆ ಮೊದಲಾಯಿತು, ಎರಡನೇ ದಿನ ಸ್ಟೀಲ್ ಮೊದಲಾಯಿತು, ಮೂರನೇ ದಿನ ತಾಮ್ರ ಮತ್ತು ಸ್ಟೀಲ್ ಹೆಚ್ಚುಕಡಿಮೆ ಒಟ್ಟಿಗೆ ತಣಿದವು. ತಾಲ್ಲೂಕು ಮಟ್ಟದ ವಿಜ್ಞಾನ ಪ್ರದರ್ಶನದಲ್ಲಿ ತೀರ್ಪುಗಾರರು "ಇದರಲ್ಲಿ ನಿಯಂತ್ರಣ ಎಲ್ಲಿದೆ?" ಎಂದು ಕೇಳಿದಾಗ ಅವಳಿಗೆ ಉತ್ತರ ಹೊಳೆಯಲಿಲ್ಲ. ತಪ್ಪು ಎಲ್ಲಾಗಿದೆ? ಹೊಂದಿಕೆಯಾಗದ ಒಂದು ದಿನದ ಅಂಕಿಗಳನ್ನು ಕೈಬಿಟ್ಟು ಬರೆಯಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಯಾವ ದಿನದ ಅಂಕಿಗಳನ್ನೂ ಕೈಬಿಡಬಾರದು. ಲೋಟ ಉರುಳಿತು, ಥರ್ಮಾಮೀಟರ್ ಒಡೆಯಿತು ಎಂಬಂತಹ ಕಾರಣವನ್ನು ಆ ಕ್ಷಣದಲ್ಲೇ ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಮಾತ್ರ ಆ ಸಾಲಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಕಾರಣವನ್ನು ಕಾಣಿಸಬಹುದು. "ನಾವು ಎಣಿಸಿದಂತೆ ಬರಲಿಲ್ಲ" ಎಂಬುದು ಅಂತಹ ಕಾರಣವಲ್ಲ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಅತಿ ನುಣುಪಾದ ತಣಿಯುವ ರೇಖೆಗಳಿದ್ದ ರೆಕಾರ್ಡ್ ಪುಸ್ತಕಗಳನ್ನು ಕಂಡಾಗಲೇ ನನಗೆ ಅನುಮಾನ ಬರುತ್ತಿತ್ತು, ಏಕೆಂದರೆ ಹಿಂದಿನ ವರ್ಷದ ಪುಸ್ತಕ ನೋಡಿ ಬರೆದ ಅಂಕಿಗಳು ಮಾತ್ರ ಅಷ್ಟು ವಿಧೇಯವಾಗಿರುತ್ತವೆ. ನಿಮ್ಮ ಮಗಳ ಅಂಕಿಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಕಾರಣಗಳಿವೆ, ಅವುಗಳಲ್ಲಿ ಹೆಚ್ಚಿನವನ್ನು ಅಡುಗೆಮನೆಯಲ್ಲೇ ಹುಡುಕಬಹುದು.

ಮೊದಲು ಉಷ್ಣ ಹೋಗುವ ದಾರಿಯನ್ನು ನೋಡೋಣ. ಬಿಸಿನೀರಿನ ಉಷ್ಣ ಲೋಟದ ಗೋಡೆಯನ್ನು ದಾಟಿ ಹೊರಮೈಗೆ ಬರಬೇಕು, ಅಲ್ಲಿಂದ ಲೋಟಕ್ಕೆ ಅಂಟಿಕೊಂಡಂತಿರುವ ತೆಳುವಾದ ಗಾಳಿಯ ಪದರವನ್ನು ದಾಟಿ ಕೋಣೆಗೆ ಸೇರಬೇಕು. ಗೋಡೆಯನ್ನು ದಾಟುವುದು ವಹನದಿಂದ, ಗಾಳಿಗೆ ಸೇರುವುದು ಮುಖ್ಯವಾಗಿ ಸಂವಹನದಿಂದ, ಜೊತೆಗೆ ಹೊರಮೈಯಿಂದ ಒಂದಿಷ್ಟು ಉಷ್ಣ ವಿಕಿರಣವಾಗಿಯೂ ಹೊರಡುತ್ತದೆ. ಪಠ್ಯಪುಸ್ತಕದಲ್ಲಿ ಈ ಮೂರನ್ನೂ ಬೇರೆ ಬೇರೆ ಚಿತ್ರಗಳಲ್ಲಿ ತೋರಿಸುವುದರಿಂದ ಅವು ಬೇರೆ ಬೇರೆ ಸಂದರ್ಭಗಳಲ್ಲಿ ನಡೆಯುತ್ತವೆ ಎಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ಒಂದು ಲೋಟ ಬಿಸಿನೀರಿನಲ್ಲಿ ಮೂರೂ ಏಕಕಾಲಕ್ಕೆ ನಡೆಯುತ್ತಿರುತ್ತವೆ, ಮತ್ತು ಒಂದರ ಹಿಂದೆ ಒಂದು ತಡೆ ಇರುವಾಗ ಅತಿ ದೊಡ್ಡ ತಡೆಯೇ ಒಟ್ಟು ವೇಗವನ್ನು ನಿರ್ಧರಿಸುತ್ತದೆ.

ಇಲ್ಲಿ ಅತಿ ದೊಡ್ಡ ತಡೆ ಗಾಳಿಯದು. ಉಷ್ಣವಾಹಕತೆಯನ್ನು ಅದರ ಅಂತಾರಾಷ್ಟ್ರೀಯ ಮಾನದಲ್ಲಿ ಹೇಳುವುದಾದರೆ ತಾಮ್ರದ್ದು ಸುಮಾರು 400, ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 15, ಸುಟ್ಟ ಮಣ್ಣಿನದು ಒಂದಕ್ಕಿಂತ ಸ್ವಲ್ಪ ಕಡಿಮೆ, ನಿಶ್ಚಲ ಗಾಳಿಯದು 0.026. ತಾಮ್ರ ಸ್ಟೀಲಿಗಿಂತ ಇಪ್ಪತ್ತೈದು ಪಟ್ಟು ಮೇಲು ಎಂಬುದು ನಿಜವೇ. ಆದರೆ ಲೋಟದ ಹೊರಗಿನ ಗಾಳಿಯ ತಡೆಯನ್ನು 1000 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಆರು ಮಿಲಿಮೀಟರ್ ದಪ್ಪದ ಮಣ್ಣಿನ ಗೋಡೆಯ ತಡೆ ಸುಮಾರು 75 ಬರುತ್ತದೆ, ಅರ್ಧ ಮಿಲಿಮೀಟರ್ ಸ್ಟೀಲಿನದು ಒಂದರ ಮೂರನೇ ಒಂದು ಭಾಗ, ಒಂದು ಮಿಲಿಮೀಟರ್ ತಾಮ್ರದ್ದು ಒಂದರ ನಲವತ್ತನೇ ಒಂದು ಭಾಗ. ಮುಂದೆ ಒಂದೇ ಗೇಟು ತೆರೆದಿರುವ ಟೋಲ್ ಇದ್ದರೆ ಅಲ್ಲಿಯವರೆಗಿನ ರಸ್ತೆ ನಾಲ್ಕು ಪಥದ್ದಾದರೇನು, ಎಂಟು ಪಥದ್ದಾದರೇನು? ಸಾವಿರದ ಮೇಲೆ ಕಾಲೋ ಅರೆಯೋ ಸೇರಿದ್ದನ್ನು ಮನೆಯ ಥರ್ಮಾಮೀಟರ್ ಗುರುತಿಸಲಾರದು. ಹೀಗಾಗಿ ತಾಮ್ರ ಮತ್ತು ಸ್ಟೀಲ್ ಒಟ್ಟಿಗೆ ತಣಿದ ಮೂರನೇ ದಿನದ ಫಲಿತಾಂಶ, ಅಂದರೆ ನೀವು ಬಿಟ್ಟುಬಿಡಲು ಯೋಚಿಸುತ್ತಿರಬಹುದಾದದ್ದು, ಭೌತಶಾಸ್ತ್ರಕ್ಕೆ ಅತ್ಯಂತ ಹತ್ತಿರದ್ದು.

ಹಾಗಿದ್ದರೆ ತಡೆ ಹೆಚ್ಚಿರುವ ಮಣ್ಣಿನ ಕುಡಿಕೆ ಮೊದಲ ದಿನ ಹೇಗೆ ಗೆದ್ದಿತು? ಇದಕ್ಕೆ ಕನಿಷ್ಠ ಮೂರು ಕಾರಣಗಳಿರಬಹುದು. ಬೆಳಗಿದ ಲೋಹದ ಮೈ ವಿಕಿರಣದಲ್ಲಿ ತೀರಾ ಜಿಪುಣ. ಮಣ್ಣಿನ ಒರಟು ಮೈ ಉದಾರಿ, ಅದೇ ತಾಪಮಾನದಲ್ಲಿ ಹಲವು ಪಟ್ಟು ಹೆಚ್ಚು ಉಷ್ಣವನ್ನು ಹೊರಸೂಸುತ್ತದೆ. ಗ್ಲೇಜ್ ಮಾಡದ ಕುಡಿಕೆಯಾದರೆ ಅದರ ಮೈ ಜಿನುಗುತ್ತದೆ, ಆ ತೇವ ಆರುವಾಗ ಉಷ್ಣವನ್ನು ಕೊಂಡೊಯ್ಯುತ್ತದೆ. ಬೇಸಿಗೆಯಲ್ಲಿ ಮಡಕೆಯ ನೀರು ತಂಪಾಗುವುದೂ ಹೀಗೆಯೇ. ಮೂರನೆಯದು ಅತಿ ಸುಲಭವಾಗಿ ಕಣ್ತಪ್ಪುವಂಥದ್ದು. ಕುಡಿಕೆ ತಾನೇ ಮೊದಲು ಬಿಸಿಯಾಗಬೇಕಲ್ಲವೇ? ನಿಮ್ಮ ಕುಡಿಕೆಯ ತೂಕ 300 ಗ್ರಾಂ ಎಂದುಕೊಳ್ಳೋಣ. ಕೋಣೆಯ 27 ಡಿಗ್ರಿಯಲ್ಲಿರುವ ಅದಕ್ಕೆ 90 ಡಿಗ್ರಿಯ 200 ಗ್ರಾಂ ನೀರು ಹಾಕಿದರೆ, ಹೊರಗಿನ ಗಾಳಿಗೆ ಏನೂ ಹೋಗದಿದ್ದರೂ ಇಬ್ಬರೂ ಹಂಚಿಕೊಂಡು ಸುಮಾರು 75 ಡಿಗ್ರಿಗೆ ಬಂದು ನಿಲ್ಲುತ್ತಾರೆ. ಅದೇ ನೀರನ್ನು 100 ಗ್ರಾಂ ತೂಕದ ಸ್ಟೀಲ್ ಲೋಟಕ್ಕೆ ಹಾಕಿದರೆ ಇಳಿಯುವುದು 86ರ ಆಸುಪಾಸಿಗೆ ಮಾತ್ರ. ಓಟದ ಪಂದ್ಯದಲ್ಲಿ ಒಬ್ಬನನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸಿದಂತಾಯಿತು. ಆದ್ದರಿಂದ ನೀರು ಸುರಿದ ಗಳಿಗೆಯಿಂದ ಗಡಿಯಾರ ನೋಡಬಾರದು. ಪ್ರತಿ ಪಾತ್ರೆಯಲ್ಲೂ ನೀರು 75 ಡಿಗ್ರಿಗೆ ಬಂದ ಗಳಿಗೆಯನ್ನು ಸೊನ್ನೆ ಎಂದು ಹಿಡಿಯಬೇಕು. ಅಂದ ಹಾಗೆ, ಮಗಳು ತನ್ನ ಪುಸ್ತಕದಲ್ಲಿ "100 ಡಿಗ್ರಿಯ ಕುದಿನೀರು" ಎಂದು ಬರೆದಿದ್ದರೆ ಅದನ್ನೂ ತಿದ್ದಿಸಿ. ಹಾಸನ, ಬೆಂಗಳೂರಿನಂತೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರುಗಳಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಒಲೆಯಿಂದ ಲೋಟಕ್ಕೆ ಬರುವಷ್ಟರಲ್ಲಿ ಇನ್ನೂ ಇಳಿದಿರುತ್ತದೆ.

ಇಷ್ಟಾದರೂ ಅತಿ ದೊಡ್ಡ ಕಳ್ಳನ ಹೆಸರನ್ನು ನಾನಿನ್ನೂ ಹೇಳಿಲ್ಲ. ನಿಮ್ಮ ಪತ್ರದಲ್ಲಿ ಮುಚ್ಚಳದ ಮಾತಿಲ್ಲ, ಹಾಗಾಗಿ ಪಾತ್ರೆಗಳು ತೆರೆದಿದ್ದವೆಂದು ಭಾವಿಸುತ್ತೇನೆ. ತೆರೆದ ಪಾತ್ರೆಯ ಬಿಸಿನೀರು ತಣಿಯುವುದರಲ್ಲಿ ಗೋಡೆಗಿಂತ ಬಾಯಿಯ ಪಾಲೇ ಹೆಚ್ಚಿರುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಈ ತಾಪಮಾನಗಳಲ್ಲಿ ಸುಮಾರು 2,350 ಜೂಲ್ ಬೇಕು, 200 ಗ್ರಾಂ ನೀರನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದದ್ದು ಸುಮಾರು 836 ಜೂಲ್. ಅಂದರೆ ಚಹಾ ಚಮಚದ ಕಾಲು ಭಾಗಕ್ಕೂ ಕಡಿಮೆ ನೀರು ಆವಿಯಾಗಿ ಹೋದರೆ ಇಡೀ ಲೋಟ ಹತ್ತಿರ ಹತ್ತಿರ ಮೂರು ಡಿಗ್ರಿ ತಣಿಯುತ್ತದೆ. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹುಯ್ದು ಆರಿಸುವವರು ಗಾಳಿಗೆ ಒಡ್ಡುವ ಮೈಯನ್ನು ಹೆಚ್ಚಿಸಿ ಇದೇ ಆವಿಯ ಲಾಭವನ್ನು ಪಡೆಯುತ್ತಾರೆ. ತಾಮ್ರದ ಲೋಟದ ಬಾಯಿ ಕಿರಿದಾಗಿ, ಕುಡಿಕೆಯ ಬಾಯಿ ಅಗಲವಾಗಿ ಇದ್ದಿದ್ದರೆ ನಿಮ್ಮ ಮಗಳು ಅಳೆದದ್ದು ಬಾಯಿಯ ಅಗಲವನ್ನು, ಲೋಹದ ಗುಣವನ್ನಲ್ಲ.

ಇದನ್ನು ನಂಬುವ ಅಗತ್ಯವಿಲ್ಲ, ತೂಗಿ ನೋಡಬಹುದು. ಮನೆಯಲ್ಲಿ ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಇದ್ದರೆ, ನೀರು 75 ಡಿಗ್ರಿಯಲ್ಲಿದ್ದಾಗ ಲೋಟವನ್ನು ನೀರಿನ ಸಮೇತ ತೂಗಿ, 45 ಡಿಗ್ರಿಗೆ ಬಂದಾಗ ಮತ್ತೆ ತೂಗಲಿ. ಈ ಮೂವತ್ತು ಡಿಗ್ರಿ ಇಳಿಯಲು 200 ಗ್ರಾಂ ನೀರು ಬಿಡಬೇಕಾದ ಉಷ್ಣ ಸುಮಾರು 25,000 ಜೂಲ್. ತೂಕ ಆರು ಗ್ರಾಂ ಕಡಿಮೆ ಬಂದಿತೆಂದರೆ ಅದರಲ್ಲಿ ಸುಮಾರು 14,000 ಜೂಲ್ ಆವಿಯ ಜೊತೆಗೇ ಹೋಯಿತು ಎಂದು ತಿಳಿಯಬೇಕು. ಅದೇ ಲೋಟದ ಮೇಲೆ ತಟ್ಟೆ ಮುಚ್ಚಿ ಇನ್ನೊಮ್ಮೆ ಮಾಡಿದರೆ ತೂಕವೂ ಅಷ್ಟಾಗಿ ಇಳಿಯುವುದಿಲ್ಲ, ತಣಿಯಲು ಹಿಡಿಯುವ ಸಮಯವೂ ಗಣನೀಯವಾಗಿ ಉದ್ದವಾಗುತ್ತದೆ. ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸಬಹುದಾದ್ದರಿಂದ "ಆರು ಗ್ರಾಂ" ಎಂದರೆ ಐದರಿಂದ ಏಳರ ನಡುವೆ ಎಂದು ಬರೆಯುವುದನ್ನೂ ಮಗಳು ಕಲಿಯಲಿ.

ತಾಮ್ರದ ವಾಹಕತೆ ಲೋಟದಲ್ಲಿ ಎಲ್ಲಿಯೂ ಕೆಲಸಕ್ಕೆ ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ, ಆದರೆ ಗೋಡೆಯ ಅಡ್ಡಕ್ಕಲ್ಲ, ಉದ್ದಕ್ಕೆ. ಬಿಸಿ ಕಾಫಿ ತುಂಬಿದ ಸ್ಟೀಲ್ ಲೋಟವನ್ನು ನಾವು ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಅಂಚಿನ ಹತ್ತಿರ ಹಿಡಿಯುತ್ತೇವೆ. ಕಾಫಿಯ ಮಟ್ಟಕ್ಕಿಂತ ಮೂರು ಸೆಂಟಿಮೀಟರ್ ಮೇಲಿರುವ ಆ ಅಂಚಿಗೆ ತೆಳುವಾದ ಸ್ಟೀಲ್ ತಗಡಿನ ಮೂಲಕ ಉಷ್ಣ ಹತ್ತಿ ಬರುವಷ್ಟರಲ್ಲಿ ಸಾಕಷ್ಟು ಗಾಳಿಗೆ ಹೋಗಿರುತ್ತದೆ. ತಾಮ್ರದ ಲೋಟವನ್ನು ಹಾಗೆ ಹಿಡಿದವರು ತಕ್ಷಣ ಕೆಳಗಿಡುತ್ತಾರೆ, ಏಕೆಂದರೆ ಅದರ ಅಂಚು ಹೆಚ್ಚುಕಡಿಮೆ ಕಾಫಿಯಷ್ಟೇ ಬಿಸಿ. ಕೆಲವು ಸ್ಟೀಲ್ ಪಾತ್ರೆಗಳಿಗೆ ತಾಮ್ರದ ತಳ ಕೊಡುವುದೂ ಇದೇ ಕಾರಣಕ್ಕೆ: ಉರಿ ತಾಗಿದ ಜಾಗದಿಂದ ಉಷ್ಣ ತಳದುದ್ದಕ್ಕೂ ಹರಡಿ, ಹಾಲು ಒಂದೇ ಉಂಗುರದಲ್ಲಿ ತಳ ಹಿಡಿಯುವುದು ತಪ್ಪುತ್ತದೆ. ಅರ್ಧ ತುಂಬಿದ ತಾಮ್ರದ ಲೋಟದಲ್ಲಿ ನೀರಿಲ್ಲದ ಮೇಲ್ಭಾಗವೂ ಬಿಸಿಯಾಗಿ ಗಾಳಿಗೆ ಉಷ್ಣ ಕೊಡುತ್ತದೆ, ಆಗ ಅದು ಸ್ಟೀಲಿಗಿಂತ ತುಸು ಬೇಗ ತಣಿಯಲೂಬಹುದು. ಚುರುಕಾದ ವಿದ್ಯಾರ್ಥಿನಿಗೆ ಇದೇ ಒಂದು ಪ್ರತ್ಯೇಕ ಪ್ರಯೋಗವಾದೀತು, ಈ ಪ್ರದರ್ಶನಕ್ಕೆ ಬೇಡ.

ಈಗ ತೀರ್ಪುಗಾರರ ಪ್ರಶ್ನೆಗೆ ಬರೋಣ. ಒಂದು ಪ್ರಯೋಗದಲ್ಲಿ ನಾವೇ ಬೇಕೆಂದು ಬದಲಿಸುವ ಸಂಗತಿ ಒಂದು, ಅದರಿಂದ ಏನಾಯಿತೆಂದು ಅಳೆಯುವ ಸಂಗತಿ ಇನ್ನೊಂದು, ಉಳಿದುದೆಲ್ಲವನ್ನೂ ಬದಲಾಗದಂತೆ ಹಿಡಿದಿಡಬೇಕು. ನಿಮ್ಮ ಮಗಳು ಬದಲಿಸಲು ಹೊರಟದ್ದು ಪಾತ್ರೆಯ ವಸ್ತುವನ್ನು. ಅದರ ಜೊತೆಗೆ ಅವಳಿಗೆ ಅರಿವಿಲ್ಲದೆ ಬದಲಾದವು ಗೋಡೆಯ ದಪ್ಪ, ಪಾತ್ರೆಯ ತೂಕ, ಬಾಯಿಯ ಅಗಲ, ಮೈಯ ಹೊಳಪು, ಬಹುಶಃ ಇಟ್ಟ ಜಾಗವೂ. ನಾನು ಕೆಲಸ ಮಾಡಿದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಬೆಂಚಿನ ವಿದ್ಯಾರ್ಥಿಗಳ ನೀರು ವರ್ಷವಿಡೀ ಉಳಿದವರಿಗಿಂತ ಬೇಗ ತಣಿಯುತ್ತಿತ್ತು. ಥರ್ಮಾಮೀಟರ್ ಬದಲಾಯಿಸಿದೆವು, ಕ್ಯಾಲೊರಿಮೀಟರ್ ಬದಲಾಯಿಸಿದೆವು, ಹುಡುಗರನ್ನು ಗದರಿದ್ದೂ ಆಯಿತು. ಕೊನೆಗೆ ಒಂದು ದಿನ ವಿದ್ಯುತ್ ಹೋಗಿ, ಆ ಬೆಂಚಿನ ಮೇಲಿದ್ದ ಫ್ಯಾನ್ ನಿಂತಾಗ ಎಲ್ಲರ ರೇಖೆಗಳೂ ಒಂದಾದವು! ಬೀಸುವ ಗಾಳಿ ನಾನು ಮೇಲೆ ಹೇಳಿದ ಆ ಸಾವಿರದ ತಡೆಯನ್ನು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಸಿಬಿಡುತ್ತದೆ ಎಂಬುದನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದ ನನಗೇ ಅದು ಹೊಳೆದಿರಲಿಲ್ಲ. ಪಾತ್ರೆಗಳನ್ನು ಅಡುಗೆ ಕಟ್ಟೆಯ ಗ್ರಾನೈಟ್ ಮೇಲೆ ಇಟ್ಟಿದ್ದರೆ ಅದೂ ತಳದಿಂದ ಉಷ್ಣವನ್ನು ಎಳೆಯುತ್ತದೆ. ಮಡಿಸಿದ ಬಟ್ಟೆಯನ್ನೋ ಥರ್ಮೋಕೋಲ್ ಹಲಗೆಯನ್ನೋ ಎಲ್ಲದರ ಕೆಳಗೂ ಒಂದೇ ರೀತಿ ಇಡಬೇಕು.

ಆದರೆ "ನಿಯಂತ್ರಣ" ಎಂಬ ಮಾತಿಗೆ ಇದಕ್ಕಿಂತ ಆಳದ ಅರ್ಥವೊಂದಿದೆ, ನನ್ನ ದೃಷ್ಟಿಯಲ್ಲಿ ಶಾಲೆಯ ಪ್ರಯೋಗಗಳಲ್ಲಿ ಬಹುತೇಕ ಯಾವಾಗಲೂ ಕಾಣೆಯಾಗುವುದು ಅದೇ. ಬೇರೆ ಬೇರೆ ವಸ್ತುಗಳ ನಡುವಿನ ವ್ಯತ್ಯಾಸವನ್ನು ಅಳೆಯುವ ಮೊದಲು, ಒಂದೇ ಬಗೆಯ ಎರಡು ವಸ್ತುಗಳ ನಡುವೆ ನಿಮ್ಮ ವಿಧಾನ ಎಷ್ಟು ವ್ಯತ್ಯಾಸ ತೋರಿಸುತ್ತದೆ ಎಂದು ನೋಡಬೇಕು. ಒಂದೇ ಅಂಗಡಿಯಿಂದ ತಂದ, ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳನ್ನು ಅಕ್ಕಪಕ್ಕ ಇಟ್ಟು, ಎರಡಕ್ಕೂ ಒಂದೇ ನೀರು ಹಾಕಿ, ಒಂದೇ ರೀತಿ ಮುಚ್ಚಿ ಅರ್ಧ ಗಂಟೆ ಅಳೆಯಲಿ. ಅವು ಒಂದೇ ತಾಪಮಾನ ತೋರಿಸಬೇಕು, ಆದರೆ ತೋರಿಸುವುದಿಲ್ಲ. ಎರಡು ಡಿಗ್ರಿ ಅಂತರ ಬಂದಿತೆನ್ನಿ. ಹಾಗಾದರೆ ಅವಳ ವಿಧಾನದಲ್ಲಿ ಎರಡು ಡಿಗ್ರಿ ಎಂದರೆ ಏನೂ ಅಲ್ಲ. ತಾಮ್ರಕ್ಕೂ ಸ್ಟೀಲಿಗೂ ನಡುವೆ ಎರಡು ಡಿಗ್ರಿ ಕಂಡರೆ ಅದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಈ ಜೋಡಿ ಲೋಟದ ಪರೀಕ್ಷೆಯನ್ನು ಮಾಡಿದ್ದಿದ್ದರೆ ನಿಮ್ಮ ಮೂರು ದಿನಗಳ ಗೊಂದಲದ ಬಹುಪಾಲು ಮೊದಲ ಸಂಜೆಯೇ ತಿಳಿಯಾಗುತ್ತಿತ್ತು.

ಪುನರಾವರ್ತನೆಯ ಬಗ್ಗೆಯೂ ಒಂದು ಮಾತು. ಮೂರು ದಿನ ಮಾಡಿದ್ದು ಒಳ್ಳೆಯದೇ, ಆದರೆ ಮೂರೂ ದಿನ ತಾಮ್ರ ಕಿಟಕಿಯ ಪಕ್ಕದಲ್ಲೇ ಇದ್ದಿದ್ದರೆ ಆ ತಪ್ಪು ಮೂರು ಸಲ ಪುನರಾವರ್ತನೆಯಾಯಿತು, ಅಷ್ಟೇ. ಮೊದಲ ದಿನ ಕಿಟಕಿಯ ಬಳಿ ಇದ್ದ ಪಾತ್ರೆ ಎರಡನೇ ದಿನ ನಡುವಿಗೆ, ಮೂರನೇ ದಿನ ಒಳಗಿನ ಮೂಲೆಗೆ ಹೋಗುವಂತೆ ಸರದಿ ಹಾಕಿದರೆ ಪ್ರತಿ ಪಾತ್ರೆಯೂ ಪ್ರತಿ ಜಾಗವನ್ನೂ ಒಮ್ಮೆ ಕಂಡಿರುತ್ತದೆ. ಈ ಜಾಣತನಕ್ಕೆ ಗಟ್ಟಿಯಾದ ಗಣಿತದ ತಳಹದಿ ಬಂದದ್ದು ಹೊಲದಿಂದ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1919ರಿಂದ 1933ರವರೆಗೆ ಕೆಲಸ ಮಾಡಿದ ರೊನಾಲ್ಡ್ ಫಿಶರ್ ಅವರ ಎದುರಿಗಿದ್ದ ತೊಡಕು ನಮ್ಮ ರೈತರಿಗೂ ಗೊತ್ತಿರುವಂಥದ್ದೇ: ಗದ್ದೆಯ ತಗ್ಗಿನ ಭಾಗದಲ್ಲಿ ಯಾವ ಗೊಬ್ಬರ ಹಾಕಿದರೂ ಬೆಳೆ ಚೆನ್ನಾಗಿಯೇ ಬರುತ್ತದೆ, ಹಾಗಿರುವಾಗ ಗೊಬ್ಬರದ ಗುಣವನ್ನು ಮಣ್ಣಿನ ಗುಣದಿಂದ ಬೇರ್ಪಡಿಸುವುದು ಹೇಗೆ? ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿ ನಿರ್ಧರಿಸಬೇಕು ಎಂಬುದು ಅವರು ಕೊಟ್ಟ ಉತ್ತರಗಳಲ್ಲಿ ಮುಖ್ಯವಾದದ್ದು. ಯಾವ ಪಾತ್ರೆಗೆ ಮೊದಲು ನೀರು ಸುರಿಯಬೇಕು ಎಂಬುದನ್ನು ನಿಮ್ಮ ಮಗಳೂ ಚೀಟಿ ಎತ್ತಿಯೇ ನಿರ್ಧರಿಸಲಿ.

ಥರ್ಮಾಮೀಟರ್‌ಗಳನ್ನೂ ಸುಮ್ಮನೆ ನಂಬಬಾರದು. ಮೂರನ್ನೂ ಒಂದೇ ಪಾತ್ರೆಯ ಬಿಸಿನೀರಿಗೆ ಇಳಿಸಿ, ಅವು ಒಂದೇ ಅಂಕಿ ತೋರಿಸುತ್ತವೆಯೇ ಎಂದು ನೋಡಲಿ. ಒಂದು ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಓದುವ ಮೊದಲು ನೀರನ್ನು ಮೆಲ್ಲಗೆ ಕಲಕಬೇಕು, ತುದಿ ಪ್ರತಿ ಸಲವೂ ಒಂದೇ ಆಳದಲ್ಲಿರಬೇಕು, ಏಕೆಂದರೆ ಕಲಕದ ಲೋಟದಲ್ಲಿ ಮೇಲಿನ ನೀರಿಗೂ ಕೆಳಗಿನ ನೀರಿಗೂ ವ್ಯತ್ಯಾಸವಿರುತ್ತದೆ. ಇದು ಚಿಕ್ಕ ವಿಷಯವೆಂದು ತೋರಬಹುದು. 1963ರಲ್ಲಿ ಟಾಂಜಾನಿಯಾದ ಶಾಲಾ ಬಾಲಕ ಎರಾಸ್ಟೊ ಎಂಪೆಂಬಾ ಐಸ್‌ಕ್ರೀಮ್ ಮಾಡುವಾಗ ಬಿಸಿ ಹಾಲಿನ ಮಿಶ್ರಣ ಆರಿದ ಮಿಶ್ರಣಕ್ಕಿಂತ ಬೇಗ ಹೆಪ್ಪುಗಟ್ಟಿದ್ದನ್ನು ಕಂಡ. ಮುಂದೆ ಭೌತವಿಜ್ಞಾನಿ ಡೆನಿಸ್ ಆಸ್ಬೋರ್ನ್ ಅವರೊಂದಿಗೆ 1969ರಲ್ಲಿ ಅದನ್ನು ಪ್ರಕಟಿಸಿದ. ಬಿಸಿನೀರು ನಿಜಕ್ಕೂ ಬೇಗ ತಣಿಯುತ್ತದೆಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. 2016ರಲ್ಲಿ ಬರಿಡ್ಜ್ ಮತ್ತು ಲಿಂಡನ್ ಎಂಬ ಇಬ್ಬರು ಸಂಶೋಧಕರು ಇದನ್ನು ಮರುಪರೀಕ್ಷಿಸಿದಾಗ, ಥರ್ಮಾಮೀಟರ್ ಇಟ್ಟ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಇಲ್ಲದ ಪರಿಣಾಮ ಇದ್ದಂತೆ ಕಾಣಬಹುದು ಎಂದು ತೋರಿಸಿದರು.

ಅಂಕಿಗಳನ್ನು ಬರೆಯುವಾಗ ಪ್ರತಿ ಸಲವೂ ಕೋಣೆಯ ತಾಪಮಾನವನ್ನೂ ಬರೆಯಬೇಕು. ನೀರು ಎಷ್ಟು ಬೇಗ ತಣಿಯುತ್ತದೆ ಎಂಬುದು ಅದರ ತಾಪಮಾನ ಕೋಣೆಯದಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಅವಲಂಬಿಸಿದೆ. 1701ರಲ್ಲಿ ತಮ್ಮ ಹೆಸರು ಹಾಕದೆ ಪ್ರಕಟಿಸಿದ ಲ್ಯಾಟಿನ್ ಬರಹವೊಂದರಲ್ಲಿ ನ್ಯೂಟನ್ ಇದನ್ನು ಸೂಚಿಸಿದರು. ಕಾದ ಕಬ್ಬಿಣವನ್ನು ಅವರು ನಿಶ್ಚಲ ಗಾಳಿಯಲ್ಲಿಡದೆ, ಒಂದೇ ಸಮನೆ ಬೀಸುವ ಗಾಳಿಯಲ್ಲಿಟ್ಟು ತಣಿಸಿದರೆಂಬುದು ನಮ್ಮ ಚರ್ಚೆಗೆ ಸಂಬಂಧಪಟ್ಟದ್ದು, ಏಕೆಂದರೆ ಅದೇ ಅವರ ನಿಯಂತ್ರಣ. ಕೋಣೆ 27 ಡಿಗ್ರಿ ಇದ್ದರೆ 75 ಡಿಗ್ರಿಯ ನೀರಿನ ಹೆಚ್ಚಳ 48. ಅದು 51ಕ್ಕೆ ಬಂದಾಗ ಹೆಚ್ಚಳ ಅರ್ಧ, 39ಕ್ಕೆ ಬಂದಾಗ ಕಾಲು. ನ್ಯೂಟನ್ನರ ನಿಯಮದಂತೆ ಈ ಎರಡೂ ಹಂತಗಳಿಗೆ ಒಂದೇ ಸಮಯ ಹಿಡಿಯಬೇಕು. ಮುಚ್ಚಿದ ಲೋಟ ಹೆಚ್ಚುಕಡಿಮೆ ಹಾಗೆ ನಡೆದುಕೊಳ್ಳುತ್ತದೆ. ತೆರೆದ ಲೋಟದಲ್ಲಿ ಎರಡನೇ ಹಂತ ಎದ್ದು ಕಾಣುವಷ್ಟು ನಿಧಾನ, ಏಕೆಂದರೆ 75 ಡಿಗ್ರಿಯಲ್ಲಿ ನೀರಾವಿಯ ಒತ್ತಡ 50 ಡಿಗ್ರಿಯಲ್ಲಿ ಇರುವುದರ ಮೂರು ಪಟ್ಟಿಗೂ ಹೆಚ್ಚು. ನೀರು ತಣಿದಂತೆ ಆ ಕಳ್ಳ ದಾರಿ ತಾನಾಗಿಯೇ ಮುಚ್ಚುತ್ತಾ ಬರುತ್ತದೆ.

ಪ್ರದರ್ಶನದ ಮುಂದಿನ ಹಂತಕ್ಕೆ ಕಾಲಾವಕಾಶವಿದ್ದರೆ ಪ್ರಶ್ನೆಯನ್ನೇ ಬದಲಿಸಲು ನಾನು ಸಲಹೆ ಕೊಡುತ್ತೇನೆ. ಮೂರು ಬೇರೆ ಆಕಾರದ ಪಾತ್ರೆಗಳನ್ನು ಬದಿಗಿಟ್ಟು, ಆ ಜೋಡಿ ಸ್ಟೀಲ್ ಲೋಟಗಳನ್ನೇ ತೆಗೆದುಕೊಳ್ಳಲಿ. ಮೊದಲ ಸಂಜೆ ಎರಡನ್ನೂ ಹಾಗೆಯೇ ಮುಚ್ಚಿ ಅಳೆದು ಅವುಗಳ ಸಹಜ ಅಂತರವನ್ನು ಬರೆದುಕೊಳ್ಳಲಿ. ಬಳಿಕ ಒಂದರ ಹೊರಮೈಗೆ ಹರಳೆಣ್ಣೆ ದೀಪದ ಮೇಲೆ ಕಾಡಿಗೆ ಹಿಡಿಯುವಂತೆ ಮಸಿ ಹಿಡಿಸಿ, ಇನ್ನೊಂದನ್ನು ಬೆಳಗಿ ಹೊಳೆಯುವಂತೆ ಇಟ್ಟು, ಜಾಗ ಬದಲಿಸುತ್ತಾ ನಾಲ್ಕು ಸಂಜೆ ಅಳೆಯಲಿ. ಸ್ಕಾಟ್ಲೆಂಡಿನ ಜಾನ್ ಲೆಸ್ಲಿ 1804ರಲ್ಲಿ ಬಿಸಿನೀರು ತುಂಬಿದ ಘನಾಕೃತಿಯ ಡಬ್ಬಿಯ ಒಂದು ಮುಖವನ್ನು ಹೊಳಪಾಗಿಟ್ಟು ಇನ್ನೊಂದಕ್ಕೆ ಮಸಿ ಬಳಿದು ತೋರಿಸಿದ್ದೂ ಇದೇ ವಿಕಿರಣದ ವ್ಯತ್ಯಾಸವನ್ನು. ಇಲ್ಲಿ ಬದಲಾಗುವುದು ಮೈಯ ಬಣ್ಣ ಒಂದೇ, ಮತ್ತು ಮುಚ್ಚಿದ ಲೋಟಗಳಲ್ಲಿ ಮುಕ್ಕಾಲು ಗಂಟೆಯ ಹೊತ್ತಿಗೆ ಹಲವು ಡಿಗ್ರಿಗಳ ಅಂತರ ಬರಬೇಕಾದ್ದರಿಂದ ಅದು ಒಂದೆರಡು ಡಿಗ್ರಿಯ ಗದ್ದಲದಲ್ಲಿ ಕಳೆದುಹೋಗುವುದಿಲ್ಲ. ಮಸಿ ಹಿಡಿಸುವ ಮತ್ತು ಕುದಿನೀರು ಸುರಿಯುವ ಕೆಲಸವನ್ನು ನೀವೇ ಮಾಡಿ. ಗಡಿಯಾರ, ಥರ್ಮಾಮೀಟರ್ ಮತ್ತು ಪುಸ್ತಕ ಅವಳ ಕೈಯಲ್ಲಿರಲಿ.

ಮೊದಲಿನ ಮೂರು ದಿನಗಳ ಪಟ್ಟಿಯನ್ನು ಚಾರ್ಟಿನ ಎಡಭಾಗದಲ್ಲಿ ಇದ್ದಂತೆಯೇ ಅಂಟಿಸಿ, ಜೋಡಿ ಲೋಟಗಳ ಪಟ್ಟಿಯನ್ನು ಅದರ ಪಕ್ಕದಲ್ಲಿಡಲಿ. ತೀರ್ಪುಗಾರರು ಮತ್ತೆ ಅದೇ ಪ್ರಶ್ನೆ ಕೇಳಿದರೆ ಅವಳು ಆ ಎರಡನೇ ಪಟ್ಟಿಯನ್ನು ಬೆರಳಿಟ್ಟು ತೋರಿಸಬಹುದು.